ಚೀಟಿಗಳನ್ನು ತೆಗೆಯಬೇಡಿ

ಕಾರ್ಖಾನೆಗಳ ಕಂಟ್ರೋಲ್ ರೂಮ್ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾನು ಬರೆದಿದ್ದ ಲೇಖನ ಓದಿ ಒಬ್ಬರು ಪತ್ರ ಬರೆದಿದ್ದಾರೆ. ಹನ್ನೆರಡು ವರ್ಷಗಳಿಂದ ಬೋರ್ಡ್ ಆಪರೇಟರ್, ಅಂದರೆ ಕಂಟ್ರೋಲ್ ರೂಮ್ ಸ್ಕ್ರೀನ್ ಮುಂದೆ ಕೂತು ಪ್ಲಾಂಟ್ ನಡೆಸುವವರು. ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

“ಅಲಾರಂ ಬಂದರೆ ಆಪರೇಟರ್‌ಗಳು ಓದದೆಯೇ ಅಕ್‌ನಾಲೆಡ್ಜ್ (‘ನೋಡಿದೆ’ ಎನ್ನುವ ಬಟನ್) ಒತ್ತಿಬಿಡುತ್ತಾರೆ, ಇದು ಉಡಾಫೆ ಎಂದು ಬರೆದಿದ್ದೀರಿ. ಒಂದೇ ಒಂದು ರಾತ್ರಿ ನಮ್ಮ ಜೊತೆ ಕೂತಿದ್ದರೆ ನೀವು ಹೀಗೆ ಬರೆಯುತ್ತಿರಲಿಲ್ಲ. ಮುಂದಿನ ತಿಂಗಳು ನಮ್ಮಲ್ಲಿಗೆ ಹ್ಯೂಮನ್ ಫ್ಯಾಕ್ಟರ್ಸ್ ಸಂಶೋಧಕರು ಬರುತ್ತಾರಂತೆ. ಕಣ್ಣು ಎಲ್ಲೆಲ್ಲಿ ನೋಡುತ್ತದೆ ಎಂದು ಅಳೆಯುವ ಕನ್ನಡಕ ಹಾಕಿಸುತ್ತಾರಂತೆ. ನಮ್ಮ ತಪ್ಪು ಹಿಡಿಯಲು ಬರುವವರಿಗೆ ನಾವ್ಯಾಕೆ ಸಹಕರಿಸಬೇಕು? ಸ್ಕ್ರೀನ್ ಅಂಚಿಗೆ ನಾವು ಅಂಟಿಸಿಕೊಂಡಿರುವ ಚೀಟಿಗಳನ್ನೆಲ್ಲ ಅವರು ಬರುವ ಮೊದಲೇ ತೆಗೆಯಿರಿ ಅಂತ ಮೇಲಿನವರು ಹೇಳಿದ್ದಾರೆ. ತೆಗೆಯೋಣವೇ?”

ಮೊದಲು ನಿಮ್ಮ ದೂರಿನ ಬಗ್ಗೆ. ನೀವು ಹೇಳಿದ್ದು ಸರಿ. ಉಡಾಫೆ ಎಂಬ ಮಾತು ತಪ್ಪು, ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನಿಮ್ಮನ್ನು, ನಿಮ್ಮ ಜೊತೆ ಶಿಫ್ಟ್ ಮಾಡುವವರನ್ನು ಕ್ಷಮೆ ಕೇಳುತ್ತೇನೆ. ಓದದೆ ಒತ್ತುವುದು ನಡೆಯುತ್ತದೆ, ಅದು ನಿಜ. ಆದರೆ ಯಾಕೆ ನಡೆಯುತ್ತದೆ ಎಂದು ಕೇಳದೆಯೇ ನಾನು ತೀರ್ಪು ಕೊಟ್ಟೆ. ನೀವು ಹೆದರುತ್ತಿರುವ ಸಂಶೋಧಕರು ಬರುವುದು ನಾನು ಕೇಳದೆ ಬಿಟ್ಟ ಆ ಪ್ರಶ್ನೆಯನ್ನು ಕೇಳಲಿಕ್ಕೇ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗಿದೆ.

1994ರ ಜುಲೈ 24ರಂದು ಬ್ರಿಟನ್ನಿನ ಮಿಲ್‌ಫರ್ಡ್ ಹೇವನ್‌ನ ತೈಲ ಶುದ್ಧೀಕರಣ ಘಟಕದಲ್ಲಿ ಸ್ಫೋಟವಾಯಿತು. ಬೆಳಿಗ್ಗೆ ಗುಡುಗು ಸಿಡಿಲಿನಿಂದ ಪ್ಲಾಂಟ್ ಏರುಪೇರಾಗಿತ್ತು. ಅಲ್ಲಿಂದ ಸುಮಾರು ಐದು ಗಂಟೆ ಆಪರೇಟರ್‌ಗಳು ಅದನ್ನು ಹತೋಟಿಗೆ ತರಲು ಒದ್ದಾಡಿದರು. ಸ್ಫೋಟಕ್ಕೆ ಮುಂಚಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ ಬಂದ ಅಲಾರಂಗಳು 275. ಲೆಕ್ಕ ಹಾಕಿ ನೋಡಿ. ಎರಡು ಎರಡೂವರೆ ಸೆಕೆಂಡಿಗೆ ಒಂದು. ಒಂದು ಅಲಾರಂನ ಟ್ಯಾಗ್ ನಂಬರ್ ಓದಿ ಮುಗಿಸುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಆ ಹೊತ್ತಿನಲ್ಲಿ ಬಟನ್ ಒತ್ತುವುದು ಸದ್ದು ನಿಲ್ಲಲಿ, ಸ್ವಲ್ಪ ಯೋಚಿಸಲು ಆಗಲಿ ಅಂತ. ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ, ನಾನಿದ್ದರೂ ಅದನ್ನೇ.

ಅಷ್ಟೇ ಅಲ್ಲ. ಅಲ್ಲಿ ಒಂದು ಕಂಟ್ರೋಲ್ ವಾಲ್ವ್ ನಿಜವಾಗಿ ಮುಚ್ಚಿತ್ತು, ಸ್ಕ್ರೀನ್ ಮಾತ್ರ ಅದು ತೆರೆದಿದೆ ಎಂದು ತೋರಿಸುತ್ತಿತ್ತು. ಹೊರದಾರಿ ಮುಚ್ಚಿದ ಪಾತ್ರೆಗೆ ದ್ರವ ಬಂದು ತುಂಬುತ್ತಲೇ ಇತ್ತು. ಒಳಗೆ ಎಷ್ಟು ಬರುತ್ತಿದೆ, ಹೊರಗೆ ಎಷ್ಟು ಹೋಗುತ್ತಿದೆ ಎಂದು ಇಡೀ ಪ್ಲಾಂಟನ್ನು ಒಂದೇ ನೋಟಕ್ಕೆ ತೋರಿಸುವ ಸ್ಕ್ರೀನ್ ಅವರಿಗೆ ಇರಲಿಲ್ಲ. 26 ಜನರಿಗೆ ಗಾಯವಾಯಿತು.

ಆಮೇಲೆ ಈ ಬಗ್ಗೆ ತುಂಬ ಕೆಲಸ ನಡೆಯಿತು. 1999ರಲ್ಲಿ ಬ್ರಿಟನ್ನಿನಲ್ಲಿ ಕೈಗಾರಿಕಾ ಉಪಕರಣ ಬಳಸುವವರ ಸಂಘವಾದ ಇಇಎಂಯುಎ 191 ಎಂಬ ಸಂಖ್ಯೆಯ ಮಾರ್ಗಸೂಚಿ ತಂದಿತು. ಅಲಾರಂಗಳ ವಿಷಯದಲ್ಲಿ ಇವತ್ತಿಗೂ ಬಹಳಷ್ಟು ಜನ ನೋಡುವುದು ಅದನ್ನು. ಅದರ ಪ್ರಕಾರ ಪ್ಲಾಂಟ್ ಸರಿಯಾಗಿ ಓಡುತ್ತಿರುವಾಗ ಒಬ್ಬ ಆಪರೇಟರ್‌ಗೆ 10 ನಿಮಿಷಕ್ಕೆ ಒಂದಕ್ಕಿಂತ ಜಾಸ್ತಿ ಅಲಾರಂ ಬರಬಾರದು. ದೊಡ್ಡ ಏರುಪೇರಾದಾಗಲೂ ಮೊದಲ 10 ನಿಮಿಷದಲ್ಲಿ 10ರ ಒಳಗಿದ್ದರೆ ಮಾತ್ರ ಸಂಭಾಳಿಸಬಹುದು. ಪ್ಲಾಂಟ್ ನಡೆಸುವ ನಿಮ್ಮ ಕಂಪ್ಯೂಟರ್ ವ್ಯವಸ್ಥೆ ಡಿಸಿಎಸ್‌ನಲ್ಲಿ ನಿನ್ನೆ ರಾತ್ರಿಯ ಅಲಾರಂ ಪಟ್ಟಿ ತೆಗೆದು ಎಣಿಸಿ ನೋಡಿ. ಉತ್ತರ ಏನೇ ಬರಲಿ, ಅದು ನಿಮ್ಮ ಮೇಲಿನ ದೂರು ಅಲ್ಲ. ಆ ಅಲಾರಂಗಳನ್ನು ಹಾಕಿದವರು ನೀವಲ್ಲ, ಅಲ್ವಾ?

ಅಲಾರಂ ಅಂದರೆ ಏನು ಎಂಬುದಕ್ಕೂ ಆ ಮಾರ್ಗಸೂಚಿಯಲ್ಲಿ ಸರಳ ಅಳತೆಗೋಲಿದೆ. ಆಪರೇಟರ್ ಏನಾದರೂ ಮಾಡಲೇಬೇಕು ಎಂದಾಗ ಮಾತ್ರ ಅದು ಅಲಾರಂ. ಮಾಡಲು ಏನೂ ಇಲ್ಲದಿದ್ದರೆ ಅದು ಬರೀ ಸುದ್ದಿ, ಲಾಗ್‌ನಲ್ಲಿ ಇದ್ದರೆ ಸಾಕು. ಕೆಟ್ಟ ಸೆನ್ಸರ್‌ನಿಂದ ನಿಮಿಷಕ್ಕೊಮ್ಮೆ ಬಂದು ಹೋಗುವ ಅಲಾರಂ, ಒಂದು ಪಂಪ್ ನಿಂತರೆ ಅದರ ಹಿಂದೆಯೇ ಸಾಲಾಗಿ ಬರುವ ಹತ್ತು ಅಲಾರಂ, ವಾರಗಟ್ಟಲೆ ಹಾಗೇ ನಿಂತಿರುವ ಕೆಂಪು ಗೆರೆ, ಇವೆಲ್ಲ ನಿಮಗೆ ಚೆನ್ನಾಗಿ ಗೊತ್ತು. ಸಂಶೋಧಕರಿಗೆ ಇವುಗಳ ಎಣಿಕೆ ಕಂಪ್ಯೂಟರ್‌ನಿಂದ ಸಿಗುತ್ತದೆ. ಯಾವುದು ಸುಮ್ನೆ ಬರುತ್ತದೆ, ಯಾವುದು ಬಂದರೆ ಎದೆ ಧಸಕ್ ಅನ್ನುತ್ತದೆ ಎಂಬುದು ನಿಮ್ಮಿಂದ ಮಾತ್ರ ಸಿಗುತ್ತದೆ.

‘ತಪ್ಪು ಹಿಡಿಯಲು ಬರುವವರು’ ಎಂದಿದ್ದೀರಿ. ಯಂತ್ರವನ್ನು ಅದನ್ನು ನಡೆಸುವ ಮನುಷ್ಯನಿಗೆ ಹೊಂದಿಸುವುದು ಹೇಗೆ ಎಂದು ನೋಡುವ ಈ ಹ್ಯೂಮನ್ ಫ್ಯಾಕ್ಟರ್ಸ್ ವಿಷಯ ಹುಟ್ಟಿದ ಕಥೆ ಕೇಳಿದರೆ ಆ ಭಯ ಸ್ವಲ್ಪ ಕಡಿಮೆಯಾಗಬಹುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಸುರಕ್ಷಿತವಾಗಿ ಇಳಿದ ಮೇಲೆ ರನ್‌ವೇಯಲ್ಲಿ ಹೊಟ್ಟೆಯ ಮೇಲೆ ಕೂರುತ್ತಿದ್ದವು. ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಮೇಲೆತ್ತುವ ಬದಲು ಚಕ್ರಗಳನ್ನೇ ಮೇಲೆತ್ತಿಬಿಡುತ್ತಿದ್ದರು. ಪೈಲಟ್ ತಪ್ಪು ಎಂದು ಬರೆದು ಫೈಲು ಮುಚ್ಚಬಹುದಿತ್ತು. ಅಲ್ಫೋನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿ ಕಾಕ್‌ಪಿಟ್ ಒಳಗೆ ಹೋಗಿ ನೋಡಿದರು. ಎರಡೂ ಸ್ವಿಚ್‌ಗಳು ನೋಡಲು ಒಂದೇ ಥರ, ಅಕ್ಕಪಕ್ಕದಲ್ಲೇ ಇದ್ದವು. ಒಂದಕ್ಕೆ ಚಕ್ರದ ಆಕಾರ, ಇನ್ನೊಂದಕ್ಕೆ ರೆಕ್ಕೆಯಂಥ ಆಕಾರ ಕೊಡಿಸಿದರು. ಕೈಗೆ ತಗುಲಿದರೆ ಸಾಕು, ಯಾವುದು ಯಾವುದೆಂದು ತಿಳಿಯುತ್ತಿತ್ತು. ವಿಮಾನಗಳ ಲ್ಯಾಂಡಿಂಗ್ ಗೇರ್ ಹಿಡಿಕೆ ಇವತ್ತಿಗೂ ಚಕ್ರದ ಆಕಾರದಲ್ಲಿ ಇರುವುದು ಇದೇ ಕಾರಣಕ್ಕೆ. ಪೈಲಟ್‌ಗಳನ್ನು ಯಾರೂ ಬದಲಾಯಿಸಲಿಲ್ಲ.

ಕಂಟ್ರೋಲ್ ರೂಮ್‌ಗಳತ್ತ ಇದೇ ಕಣ್ಣು ತಿರುಗಿದ್ದು ಮುಖ್ಯವಾಗಿ ಥ್ರೀ ಮೈಲ್ ಐಲೆಂಡ್ ಆದಮೇಲೆ. 1979ರ ಮಾರ್ಚ್ 28, ಬೆಳಗಿನ ಜಾವ ನಾಲ್ಕು ಗಂಟೆ, ಪೆನ್ಸಿಲ್ವೇನಿಯಾದ ಅಣುಸ್ಥಾವರ. ಒಂದು ರಿಲೀಫ್ ವಾಲ್ವ್ ಒತ್ತಡ ಇಳಿಸಲು ತೆರೆದುಕೊಂಡಿತು. ಆಮೇಲೆ ಮುಚ್ಚಿಕೊಳ್ಳಬೇಕಿತ್ತು, ತೆರೆದೇ ಸಿಕ್ಕಿಹಾಕಿಕೊಂಡಿತು. ಆದರೆ ಪ್ಯಾನಲ್ ಮೇಲೆ ಅದರ ದೀಪ ಆರಿತು. ದೀಪ ಆರಿದೆ, ಅಂದರೆ ವಾಲ್ವ್ ಮುಚ್ಚಿದೆ ಎಂದು ಆಪರೇಟರ್‌ಗಳು ತಿಳಿದರು. ಯಾರಾದರೂ ಹಾಗೇ ತಿಳಿಯುತ್ತಾರೆ. ಆ ದೀಪ ತೋರಿಸುತ್ತಿದ್ದದ್ದು ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನಲ್ಲ. ಮುಚ್ಚು ಎಂಬ ಸಿಗ್ನಲ್ ಹೋಗಿದೆ ಎಂಬುದನ್ನಷ್ಟೇ.

ವಾಲ್ವ್‌ನಿಂದ ಹೊರಬಂದ ನೀರು ಸೇರುವ ತೊಟ್ಟಿಗೆ ಒಂದು ಮೀಟರ್ ಇತ್ತು. ಅದನ್ನು ನೋಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಅದು ಇದ್ದದ್ದು ಪ್ಯಾನಲ್ ಹಿಂಬದಿಯಲ್ಲಿ. ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಅಲಾರಂಗಳು ಬಂದಿದ್ದವು. ರಿಯಾಕ್ಟರ್‌ನ ಒತ್ತಡ ಕಾಯುವ ಪಾತ್ರೆ ಪ್ರೆಷರೈಸರ್‌ನಲ್ಲಿ ನೀರಿನ ಮಟ್ಟ ಏರುತ್ತಿದೆ ಎಂದು ಮೀಟರ್ ಹೇಳುತ್ತಿತ್ತು. ಅದು ಪೂರ್ತಿ ತುಂಬಲು ಬಿಡಬೇಡಿ ಎಂದು ತರಬೇತಿ ಹೇಳಿತ್ತು. ಹಾಗಾಗಿ ತುರ್ತು ನೀರನ್ನು ಕಡಿಮೆ ಮಾಡಿದರು. ರಿಯಾಕ್ಟರ್‌ಗೆ ಆಗ ಬೇಕಾಗಿದ್ದದ್ದು ಅದೇ ನೀರು. ಎರಡು ಗಂಟೆಗೂ ಹೆಚ್ಚು ಹೊತ್ತಾದ ಮೇಲೆ, ಹೊಸದಾಗಿ ಒಳಗೆ ಬಂದವರಿಗೆ ಅನುಮಾನ ಬಂದು, ಸಿಕ್ಕಿಹಾಕಿಕೊಂಡ ಆ ವಾಲ್ವ್‌ನ ದಾರಿಯನ್ನೇ ತಡೆಯುವ ಬ್ಲಾಕ್ ವಾಲ್ವ್ ಮುಚ್ಚಲಾಯಿತು. ಅಷ್ಟರಲ್ಲಿ ರಿಯಾಕ್ಟರ್‌ನ ಇಂಧನವಿರುವ ಒಡಲು ಹಾಳಾಗತೊಡಗಿತ್ತು, ಕೊನೆಗೆ ಅದರ ಒಂದು ದೊಡ್ಡ ಭಾಗ ಕರಗಿಹೋಯಿತು. ಈ ಕಥೆಯನ್ನು ನಾನು ಎಷ್ಟು ಸಲ ಓದಿದರೂ ಕಣ್ಣ ಮುಂದೆ ಬರುವುದು ಆರಿದ ಆ ದೀಪ. ಅಲ್ಲಿ ಕೂತವರು ಪ್ಯಾನಲ್ ಹೇಳಿದ್ದನ್ನು ನಂಬಿದರು. ನಂಬದೆ ಆ ಕೆಲಸ ಮಾಡುವುದಾದರೂ ಹೇಗೆ?

ಈಗ ನಿಮ್ಮ ಕನ್ನಡಕದ ವಿಷಯ. ಅದರಲ್ಲಿರುವ ಪುಟ್ಟ ಕ್ಯಾಮೆರಾಗಳು ನಿಮ್ಮ ಕಣ್ಣಿನ ಗುಡ್ಡೆಯನ್ನು ಹಿಂಬಾಲಿಸುತ್ತವೆ. ಯಾವ ಸ್ಕ್ರೀನ್ ಮೇಲೆ ಎಷ್ಟು ಹೊತ್ತು, ಅಲ್ಲಿಂದ ಎಲ್ಲಿಗೆ ಎಂಬ ದಾಖಲೆ ಸಿಗುತ್ತದೆ. ಒಬ್ಬ ಆಪರೇಟರ್‌ನ ಕಣ್ಣು ಎರಡು ಸ್ಕ್ರೀನ್‌ಗಳ ನಡುವೆ ಅತ್ತಿತ್ತ ಓಡುತ್ತಲೇ ಇದೆ ಅಂದುಕೊಳ್ಳಿ. ಆತ ಚಂಚಲ ಎಂದು ಒಳ್ಳೆಯ ಸಂಶೋಧಕರು ಬರೆಯುವುದಿಲ್ಲ. ಒಂದರಲ್ಲಿರುವ ಅಂಕಿಯಿಂದ ಇನ್ನೊಂದರ ಅಂಕಿಯನ್ನು ಆತ ತಲೆಯಲ್ಲೇ ಕಳೆಯುತ್ತಿದ್ದಾನೆ, ಎರಡನ್ನೂ ಒಂದೇ ಕಡೆ ಇಡಬೇಕಿತ್ತು ಎಂದು ಬರೆಯುತ್ತಾರೆ.

ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಅಲ್ಲ. 2005ರ ಮಾರ್ಚ್ 23ರಂದು ಟೆಕ್ಸಾಸ್ ಸಿಟಿ ರಿಫೈನರಿಯಲ್ಲಿ 15 ಜನ ಸತ್ತರು, 180 ಜನ ಗಾಯಗೊಂಡರು. ಸ್ಟಾರ್ಟಪ್ ವೇಳೆ ಒಂದು ಟವರ್ ತುಂಬಿ ಉಕ್ಕಿ ಸ್ಫೋಟವಾಗಿತ್ತು. ಟವರ್ ತುಂಬುತ್ತಿದ್ದಾಗಲೇ ಲೆವೆಲ್ ಮೀಟರ್ ಮಟ್ಟ ಇಳಿಯುತ್ತಿದೆ ಎಂದು ತೋರಿಸಿತು. ಹೈ ಲೆವೆಲ್ ಅಲಾರಂಗಳಲ್ಲಿ ಒಂದು ಹೊಡೆಯಲೇ ಇಲ್ಲ. ಒಳಗೆ ಬರುವ ಹರಿವು ಒಂದು ಸ್ಕ್ರೀನ್‌ನಲ್ಲಿ, ಹೊರಗೆ ಹೋಗುವ ಹರಿವು ಇನ್ನೊಂದರಲ್ಲಿ ಇತ್ತು. ಆ ಬೋರ್ಡ್ ಆಪರೇಟರ್ ಸತತ 29 ದಿನ, ದಿನಕ್ಕೆ 12 ಗಂಟೆ ಕೆಲಸ ಮಾಡಿದ್ದರು. ಮೂರು ಘಟಕಗಳನ್ನು ಅವರೊಬ್ಬರೇ ನೋಡಿಕೊಳ್ಳಬೇಕಿತ್ತು. ತನಿಖೆ ಮಾಡಿದ ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ ಇದನ್ನೆಲ್ಲ ವಿವರವಾಗಿ ದಾಖಲಿಸಿದೆ. ನಿದ್ದೆ, ಶಿಫ್ಟ್ ಪಟ್ಟಿ, ಒಬ್ಬರ ತಲೆಯ ಮೇಲೆ ಎಷ್ಟು ಘಟಕ ಎನ್ನುವುದನ್ನು ಆಪರೇಟರ್‌ಗಳು ಹೇಳಿದರೆ ಗೊಣಗಾಟ ಅನ್ನುತ್ತಾರೆ. ಸಂಶೋಧಕರು ಅಳೆದು ಹೇಳಿದರೆ ಅದು ವರದಿಯಾಗುತ್ತದೆ. ಇದು ನ್ಯಾಯ ಅಲ್ಲ, ಆದರೆ ನಡೆಯುವುದು ಹಾಗೇ. ನೀವು ಸಹಕರಿಸಬೇಕು ಎನ್ನಲು ನನಗಿರುವ ದೊಡ್ಡ ಕಾರಣ ಇದು.

ಏನೂ ಆಗದ ರಾತ್ರಿಗಳ ಬಗ್ಗೆಯೂ ಅವರಿಗೆ ಹೇಳಿ. ನಾರ್ಮನ್ ಮ್ಯಾಕ್‌ವರ್ತ್ ಎಂಬ ಸಂಶೋಧಕರು ರಾಡಾರ್ ನೋಡುವವರಿಗೆ ಯಾಕೆ ಗುರಿಗಳು ತಪ್ಪಿಹೋಗುತ್ತವೆ ಎಂದು ತಿಳಿಯಲು ಒಂದು ಪರೀಕ್ಷೆ ಮಾಡಿ 1948ರಲ್ಲಿ ಪ್ರಕಟಿಸಿದರು. ಗಡಿಯಾರದಂಥ ಫಲಕದಲ್ಲಿ ಮುಳ್ಳು ಒಂದೊಂದೇ ಹೆಜ್ಜೆ ಹೋಗುತ್ತದೆ, ಅಪರೂಪಕ್ಕೆ ಎರಡು ಹೆಜ್ಜೆ ಹಾರುತ್ತದೆ. ಅದನ್ನು ಕಂಡುಹಿಡಿಯಬೇಕು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ತಪ್ಪಿಹೋಗುವುದು ಎದ್ದು ಕಾಣುವಷ್ಟು ಹೆಚ್ಚಾಯಿತು. ನೋಡುತ್ತಾ ಕೂತಿದ್ದವರು ಸೋಮಾರಿಗಳಲ್ಲ. ಮನುಷ್ಯನ ಗಮನ ಇರುವುದೇ ಹಾಗೆ. ಎಂಟು ಗಂಟೆ ಶಾಂತವಾಗಿರುವ ಸ್ಕ್ರೀನ್ ನೋಡುತ್ತಾ ಕೂತವರಿಗೆ ‘ಎಚ್ಚರವಾಗಿರಿ’ ಎಂಬ ಬೋರ್ಡ್ ಹಾಕಿದರೆ ಏನೂ ಆಗದು.

ಎಲ್ಲ ಆಟೋಮ್ಯಾಟಿಕ್ ಮಾಡಿಬಿಟ್ಟರೆ ಈ ತೊಂದರೆಯೇ ಇಲ್ಲ ಅನ್ನುವವರೂ ಇದ್ದಾರೆ. ಲಿಸಾನ್ ಬೈನ್‌ಬ್ರಿಜ್ ಎಂಬ ಮನೋವಿಜ್ಞಾನಿ ಇದಕ್ಕೆ 1983ರಲ್ಲೇ ಉತ್ತರ ಕೊಟ್ಟಿದ್ದಾರೆ. ಸುಲಭದ ಕೆಲಸವನ್ನು ಯಂತ್ರ ತೆಗೆದುಕೊಳ್ಳುತ್ತದೆ. ಯಂತ್ರಕ್ಕೆ ಆಗದ್ದು ಮನುಷ್ಯನಿಗೆ ಉಳಿಯುತ್ತದೆ. ದಿನವೂ ಕೈಯಾಡಿಸದ ಕಾರಣ ಆತನ ಕೈಚಳಕ ಮಂಕಾಗಿರುತ್ತದೆ. ಯಂತ್ರ ಕೈಬಿಡುವುದೋ, ಪರಿಸ್ಥಿತಿ ತೀರಾ ಕೆಟ್ಟಿರುವ ಹೊತ್ತಿನಲ್ಲಿ. ಆಗ ಆತ ತಕ್ಷಣ ಎಲ್ಲ ಅರ್ಥ ಮಾಡಿಕೊಂಡು ನಡೆಸಬೇಕು. ನಾಲ್ಕು ದಶಕ ಕಳೆದರೂ ಈ ಮಾತು ಹಳೆಯದಾಗಿಲ್ಲ.

ಒಂದು ಶಿಫ್ಟಿನವರು ಮುಂದಿನವರಿಗೆ ಕೆಲಸ ಒಪ್ಪಿಸುವ ಹ್ಯಾಂಡ್ ಓವರ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನನಗಿಂತ ನಿಮಗೆ ಚೆನ್ನಾಗಿ ಗೊತ್ತು. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಯಲ್ಲಿ ರಿಪೇರಿಗಾಗಿ ಒಂದು ಪಂಪ್‌ನ ರಿಲೀಫ್ ವಾಲ್ವ್ ಬಿಚ್ಚಿಟ್ಟಿದ್ದರು. ರಾತ್ರಿ ಶಿಫ್ಟಿನವರಿಗೆ ಆ ವಿಷಯ ತಲುಪಲಿಲ್ಲ. ಇನ್ನೊಂದು ಪಂಪ್ ನಿಂತಾಗ ಇದನ್ನು ಚಾಲೂ ಮಾಡಿದರು. ಗ್ಯಾಸ್ ಸೋರಿ ಸ್ಫೋಟವಾಯಿತು, 167 ಜನ ಸತ್ತರು. ನಿಮ್ಮಲ್ಲಿ ಹ್ಯಾಂಡ್ ಓವರ್‌ಗೆ ಎಷ್ಟು ನಿಮಿಷ ಸಿಗುತ್ತದೆ ಎಂದು ಸಂಶೋಧಕರು ಕೇಳದಿದ್ದರೆ ನೀವೇ ಹೇಳಿ.

ಹಾಗಂತ ಕಣ್ಣು ಮುಚ್ಚಿ ಒಪ್ಪಿಕೊಳ್ಳಿ ಅನ್ನುತ್ತಿಲ್ಲ. ನಿಮ್ಮ ಭಯಕ್ಕೆ ಆಧಾರವಿದೆ. ಒಂದೇ ಕನ್ನಡಕದ ದಾಖಲೆಯನ್ನು ಸ್ಕ್ರೀನ್ ಸರಿಮಾಡಲೂ ಬಳಸಬಹುದು, ಒಬ್ಬರಿಗೆ ಮೆಮೊ ಕೊಡಲೂ ಬಳಸಬಹುದು. ಶುರುವಾಗುವ ಮೊದಲೇ ಕೇಳಿ. ದಾಖಲೆಯಲ್ಲಿ ನಮ್ಮ ಹೆಸರು ಇರುತ್ತದೆಯೇ? ಯಾರ ಕೈಗೆ ಹೋಗುತ್ತದೆ? ಬಡ್ತಿಗೂ ಶಿಸ್ತು ಕ್ರಮಕ್ಕೂ ಬಳಸುವುದಿಲ್ಲ ಎಂದು ಬರೆದು ಕೊಡುತ್ತೀರಾ? ನಡುವೆ ಬೇಡ ಅನ್ನಿಸಿದರೆ ಬಿಡಬಹುದೇ? ಸರಿಯಾದ ಸಂಶೋಧಕರು ಇವಕ್ಕೆಲ್ಲ ನೀವು ಕೇಳುವ ಮೊದಲೇ ಉತ್ತರ ತಂದಿರುತ್ತಾರೆ. ಬರೆದು ಕೊಡಲು ಹಿಂದೇಟು ಹಾಕಿದರೆ ಕನ್ನಡಕ ಹಾಕಿಕೊಳ್ಳಬೇಡಿ. ಇದನ್ನು ನಾನು ಯೋಚಿಸಿಯೇ ಹೇಳುತ್ತಿದ್ದೇನೆ. ಭಯದಲ್ಲಿ ಕೂತ ಆಪರೇಟರ್ ದಿನನಿತ್ಯ ಮಾಡುವಂತೆ ಮಾಡುವುದಿಲ್ಲ, ಪುಸ್ತಕದಲ್ಲಿ ಇರುವಂತೆ ಮಾಡಿ ತೋರಿಸುತ್ತಾನೆ. ಆಗ ಸಿಗುವ ಅಳತೆ ಯಾರಿಗೂ ಉಪಯೋಗವಿಲ್ಲ.

ಕೊನೆಗೆ ಚೀಟಿಗಳು. ತೆಗೆಯಬೇಡಿ. ‘ಈ ಮೀಟರ್ ಸ್ವಲ್ಪ ಜಾಸ್ತಿ ತೋರಿಸುತ್ತದೆ’, ‘ಈ ಎರಡು ಪಂಪ್‌ಗಳ ಹೆಸರು ಸ್ಕ್ರೀನ್‌ನಲ್ಲಿ ಅದಲುಬದಲಾಗಿದೆ’, ‘ಈ ಅಲಾರಂ ಬಂದರೆ ಮೊದಲು ಫೀಲ್ಡ್‌ಗೆ ಫೋನ್ ಮಾಡು’, ಇಂಥವೇ ಇರುತ್ತವೆ ಅಲ್ವಾ? ಸ್ಕ್ರೀನ್ ಮಾಡಿದವರು ಬಿಟ್ಟದ್ದನ್ನು, ತಪ್ಪಿದ್ದನ್ನು ನೀವು ಹನ್ನೆರಡು ವರ್ಷ ಕೂತು ಸರಿಮಾಡಿಕೊಂಡಿದ್ದೀರಿ. ಕಂಟ್ರೋಲ್ ರೂಮ್ ಅಧ್ಯಯನ ಮಾಡುವವರು ಒಳಗೆ ಬಂದ ಕೂಡಲೇ ಹುಡುಕುವುದು ಇದನ್ನೇ. ಮೇಲಿನವರು ಗಟ್ಟಿಯಾಗಿ ಹೇಳಿ ತೆಗೆಸಿಯೇ ತೆಗೆಸುತ್ತಾರೆ ಅನ್ನುವುದಾದರೆ, ಒಂದೊಂದನ್ನೂ ಒಂದು ನೋಟ್ ಪುಸ್ತಕಕ್ಕೆ ಅಂಟಿಸಿ. ಯಾವ ಸ್ಕ್ರೀನ್‌ನ ಯಾವ ಮೂಲೆಯಲ್ಲಿತ್ತು, ಯಾರು ಬರೆದರು, ಯಾವ ರಾತ್ರಿ ಏನಾಗಿ ಬರೆದರು ಎಂದು ಪಕ್ಕದಲ್ಲಿ ಗುರುತು ಹಾಕಿ. ಸಂಶೋಧಕರು ಬಂದ ಮೊದಲ ದಿನ ಅದನ್ನು ಅವರ ಕೈಗೆ ಕೊಡಿ.