ಗೇಟಿನ ಬಳಿಯ ಅಳು ಮತ್ತು ನಾಲ್ಕು ಗೆರೆ ಪುಸ್ತಕ

ಓದುಗರ ಪತ್ರದ ಸಾರ: ನನ್ನ ಮೊಮ್ಮಗನಿಗೆ ಏಪ್ರಿಲ್‌ನಲ್ಲಿ ನಾಲ್ಕು ವರ್ಷ ತುಂಬಿತು. ಜೂನ್ ಮೊದಲ ವಾರದಿಂದ ಸಾಗರದ ಖಾಸಗಿ ಶಾಲೆಯೊಂದರಲ್ಲಿ ಎಲ್‌ಕೆಜಿಗೆ ಹೋಗುತ್ತಿದ್ದಾನೆ. ಮಗ, ಸೊಸೆ ಇಬ್ಬರೂ ಉದ್ಯೋಗದಲ್ಲಿರುವುದರಿಂದ ಬಿಟ್ಟು ಬರುವ ಕೆಲಸ ನನ್ನದು. ಗೇಟಿನ ಬಳಿ ದಿನವೂ ರಂಪ. ಆಯಾ ಹೇಳಿಕೊಟ್ಟಂತೆ ಒಂದು ದಿನ ಅವನು ಮೀನಿನ ತೊಟ್ಟಿ ನೋಡುತ್ತಿರುವಾಗ ಹೇಳದೆ ಬಂದುಬಿಟ್ಟೆ. ಮರುದಿನದಿಂದ ಅವನು ತೊಟ್ಟಿಯ ಕಡೆ ತಿರುಗಿಯೂ ನೋಡುವುದಿಲ್ಲ, ನನ್ನ ಪಂಚೆ ಹಿಡಿದವನು ಬಿಡುವುದಿಲ್ಲ. ಸಂಜೆಯಾದರೆ ನಾಲ್ಕು ಗೆರೆ ಪುಸ್ತಕದಲ್ಲಿ ಎರಡು ಪುಟ ಎ, ಬಿ ಬರೆಸಬೇಕು, ಅದೂ ಅಳುತ್ತಲೇ. ನಾವೆಲ್ಲ ಆರು ತುಂಬಿದ ಮೇಲೆ ಒಂದನೇ ಕ್ಲಾಸಿಗೆ ಹೋದವರು, ಮರಳಿನ ಮೇಲೆ ತಿದ್ದಿದವರು. ಯಾರೂ ಅತ್ತ ನೆನಪಿಲ್ಲ. ಬಿಡಿಸಿ ಊರಿನ ಅಂಗನವಾಡಿಗೆ ಸೇರಿಸೋಣವೆಂದರೆ ಮಗ ಒಪ್ಪುವುದಿಲ್ಲ. ತಮ್ಮ ಅಭಿಪ್ರಾಯವೇನು?

ಸಂಪಾದಕರ ಉತ್ತರ:

ಮಾನ್ಯರೆ, ನಮಸ್ಕಾರ.

ತಮ್ಮ ಪತ್ರದ ಮುಕ್ಕಾಲು ಪಾಲು ಗೇಟಿನ ಬಳಿಯ ಅಳುವಿನ ಬಗ್ಗೆ ಇದೆ, ನಾಲ್ಕು ಗೆರೆ ಪುಸ್ತಕಕ್ಕೆ ಸಿಕ್ಕಿರುವುದು ಎರಡು ಸಾಲು ಮಾತ್ರ. ನಮ್ಮ ಅಭಿಪ್ರಾಯದಲ್ಲಿ ಚಿಂತೆಯ ಪಾಲು ಇದಕ್ಕೆ ವಿರುದ್ಧವಾಗಿರಬೇಕಿತ್ತು. ಅಳುವಿನ ವಿಷಯದಲ್ಲಿ ತಾವು ಇನ್ನಷ್ಟು ದಿನ ಶಾಲೆಯನ್ನು ನಂಬಿ ಕಾಯಬಹುದು. ಬರವಣಿಗೆಯ ವಿಷಯದಲ್ಲಿ ಕಾಯುವ ಅಗತ್ಯವಿಲ್ಲ, ಈ ವಾರವೇ ಹೋಗಿ ಮಾತನಾಡಬೇಕು.

ಮೊದಲು ಅಳುವಿನ ಮಾತು. ನಾಲ್ಕು ವರ್ಷದ ಮಗುವಿಗೆ ಗಡಿಯಾರ ತಿಳಿಯದು. ಹನ್ನೆರಡೂವರೆಗೆ ಬರುತ್ತೇನೆ ಎಂಬುದಕ್ಕೂ ಎಂದೋ ಬರುತ್ತೇನೆ ಎಂಬುದಕ್ಕೂ ಅದಕ್ಕೆ ಹೆಚ್ಚಿನ ವ್ಯತ್ಯಾಸವಿಲ್ಲ. ಹೇಳದೆ ಬಂದ ದಿನ ತಮ್ಮ ಮೊಮ್ಮಗ ಕಲಿತದ್ದೇನೆಂದರೆ, ಮೀನು ನೋಡುತ್ತ ನಿಂತರೆ ಅಜ್ಜ ಮಾಯವಾಗುತ್ತಾನೆ ಎಂಬುದು. ಆದ್ದರಿಂದ ಈಗ ಅವನು ಮೀನನ್ನು ಬಿಟ್ಟು ಪಂಚೆಯನ್ನು ಕಾಯುತ್ತಿದ್ದಾನೆ, ಮತ್ತು ಅವನ ಲೆಕ್ಕಾಚಾರದಲ್ಲಿ ತಪ್ಪೇನೂ ಇಲ್ಲ. ಆಯಾ ಹೇಳಿಕೊಟ್ಟದ್ದು ಆ ಒಂದು ಬೆಳಗನ್ನು ದಾಟಿಸುವ ಉಪಾಯವೇ ಹೊರತು ಮರುದಿನದ್ದಲ್ಲ. ಹೇಳಿಯೇ ಹೊರಡಿ, ಹೇಳಿದ ಮೇಲೆ ನಿಲ್ಲಬೇಡಿ. ‘ಡಬ್ಬಿಯ ತಿಂಡಿ ತಿಂದು, ಆಟ ಆಡಿ, ಚೀಲ ಹಾಕಿಕೊಳ್ಳುವ ಹೊತ್ತಿಗೆ ನಾನು ಇದೇ ಗೇಟಿನಲ್ಲಿರುತ್ತೇನೆ’ ಎಂಬಷ್ಟು ಸಾಕು. ಅವನಿಗೆ ತಿಳಿಯುವುದು ತಿಂಡಿ, ಆಟ ಮತ್ತು ಚೀಲದ ಲೆಕ್ಕ. ಆಮೇಲೆ ಆ ಹೊತ್ತಿಗೆ ನಿಜವಾಗಿಯೂ ಗೇಟಿನಲ್ಲಿರಬೇಕು. ಸಂತೆ, ಬ್ಯಾಂಕು, ಸೊಸೈಟಿಯ ಕೆಲಸವೆಂದು ಕಾಲು ಗಂಟೆ ತಡವಾದರೂ ಹಿಂದಿನ ನಾಲ್ಕು ದಿನಗಳ ದುಡಿಮೆ ನೀರುಪಾಲಾಗುತ್ತದೆ.

ತಾವು ಹಿಂತಿರುಗಿದ ಮೇಲೆ ಅವನು ಎಷ್ಟು ಹೊತ್ತು ಅಳುತ್ತಾನೆ ಎಂಬುದನ್ನು ಶಿಕ್ಷಕಿಯನ್ನು ಕೇಳಿ ತಿಳಿದುಕೊಳ್ಳಿ. ಹತ್ತು ಹದಿನೈದು ನಿಮಿಷಗಳಲ್ಲಿ ಸುಮ್ಮನಾಗಿ, ಡಬ್ಬಿ ಖಾಲಿ ಮಾಡಿ, ಮನೆಗೆ ಬಂದ ಮೇಲೆ ಅಲ್ಲಿ ಕಲಿತ ಹಾಡಿನ ಅರ್ಧ ಸಾಲನ್ನಾದರೂ ಗುನುಗುತ್ತಿದ್ದರೆ ಚಿಂತಿಸಬೇಕಾದ್ದಿಲ್ಲ. ಭಾನುವಾರದ ಮರುದಿನವೂ ದಸರೆ ರಜೆಯ ಮರುದಿನವೂ ಅಳು ಮತ್ತೆ ಬರುತ್ತದೆ; ಆಗ ಎಲ್ಲವೂ ಮೊದಲಿಗೆ ಬಂತೆಂದು ಗಾಬರಿಯಾಗಬೇಡಿ. ಆದರೆ ದಿನವಿಡೀ ಅಳುವುದು, ವಾರಗಟ್ಟಲೆ ಊಟ ಬಿಡುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸುವುದು, ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರೆತ್ತಿದರೆ ಬೆಚ್ಚುವುದು, ಇವು ಬೇರೆಯೇ ಮಾತು. ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಕಾರಣ ಹುಡುಕಬೇಕು.

ನಾಲ್ಕು ವರ್ಷದ ಮಕ್ಕಳು ಶಾಲೆಯನ್ನು ದ್ವೇಷಿಸಲು ಕಾರಣ ಎಷ್ಟೋ ವೇಳೆ ನಾವು ಊಹಿಸದಷ್ಟು ಚಿಕ್ಕದಾಗಿರುತ್ತದೆ. ಹೊಸ ಸಮವಸ್ತ್ರದ ಚಡ್ಡಿಯ ಗುಂಡಿಯನ್ನು ಅವನೇ ಬಿಚ್ಚಬಲ್ಲನೆ? ಮನೆಯಲ್ಲಿ ಇಲಾಸ್ಟಿಕ್ ಚಡ್ಡಿ ಹಾಕಿ ರೂಢಿಯಾದ ಮಗು ಬಿಗಿ ಗುಂಡಿಯ ಮುಂದೆ ಸೋತು, ಟೀಚರನ್ನು ಕೇಳಲು ನಾಚಿ, ಬೆಳಗಿನಿಂದ ನೀರನ್ನೇ ಕುಡಿಯದೆ ಕುಳಿತಿರಬಹುದು. ನೀರಿನ ಬಾಟಲಿ ತುಂಬಿದಂತೆಯೇ ಮನೆಗೆ ಬರುತ್ತಿದೆಯೇ, ಬಂದ ಕೂಡಲೇ ಬಚ್ಚಲಿಗೆ ಓಡುತ್ತಾನೆಯೇ ಎಂದು ಗಮನಿಸಿ. ಕೆಲವು ಶಾಲೆಗಳಲ್ಲಿ ಹೊರಗೆ ಹೋಗಲು ಇಂಗ್ಲಿಷಿನಲ್ಲೇ ಅನುಮತಿ ಕೇಳಬೇಕೆಂಬ ಕಟ್ಟಳೆ ಇರುತ್ತದೆ. ಮನೆಯಲ್ಲಿ ಕನ್ನಡವನ್ನಷ್ಟೇ ಕೇಳಿ ಬೆಳೆದ ಮಗು ಒಂದು ವಾಕ್ಯ ಬಾರದ ಕಾರಣಕ್ಕೆ ಚಡ್ಡಿ ಒದ್ದೆ ಮಾಡಿಕೊಳ್ಳುವುದು ಕಲಿಕೆಯಲ್ಲ, ಶಿಕ್ಷೆ. ಮಗು ಮನೆಯಲ್ಲಿ ಏನೆಂದು ಹೇಳುತ್ತದೆ ಎಂಬುದನ್ನು ಶಿಕ್ಷಕಿಗೂ ಆಯಾಗೂ ತಿಳಿಸಿಬಿಡಿ. ಸಾಗರದಲ್ಲಿ ಶಾಲೆಯೂ ಮಳೆಗಾಲವೂ ಒಟ್ಟಿಗೇ ಶುರುವಾಗುವುದರಿಂದ ರೇನ್‌ಕೋಟಿನ ಗುಂಡಿ, ಒದ್ದೆ ಬೂಟು, ಹಸಿ ಕಾಲುಚೀಲ ಇವೂ ಆ ಪಟ್ಟಿಗೆ ಸೇರುತ್ತವೆ. ಸಂಜೆ ಹೊತ್ತು ಗುಂಡಿ ಹಾಕಿ ತೆಗೆಯುವುದನ್ನೂ ಡಬ್ಬಿಯ ಮುಚ್ಚಳ ತೆರೆಯುವುದನ್ನೂ ಆಟವಾಗಿ ಮಾಡಿಸಿದರೆ ಅದೇ ಎಲ್‌ಕೆಜಿಯ ಅತ್ಯುತ್ತಮ ಹೋಂವರ್ಕ್.

ತಮ್ಮ ಕಾಲದಲ್ಲಿ ಯಾರೂ ಅಳುತ್ತಿರಲಿಲ್ಲ ಎಂಬ ಮಾತನ್ನು ಮಾತ್ರ ನಾವು ಗೌರವಪೂರ್ವಕವಾಗಿ ಒಪ್ಪುವುದಿಲ್ಲ. ತಪ್ಪಿಸಿಕೊಂಡು ಅಟ್ಟವೇರಿದ ಹುಡುಗನನ್ನು ಕರೆತರಲು ಮೇಷ್ಟ್ರು ದೊಡ್ಡ ತರಗತಿಯ ಹುಡುಗರನ್ನು ಕಳಿಸುವುದು, ಅವರು ಕೈಕಾಲು ಹಿಡಿದು ಹೊತ್ತು ತರುವುದು, ಇವೆಲ್ಲ ಆ ತಲೆಮಾರಿನವರು ನಗುತ್ತ ಹೇಳುವ ಕಥೆಗಳೇ. ‘ಹಟ ಮಾಡಿದರೆ ಶಾಲೆಗೆ ಹಾಕುತ್ತೇನೆ’ ಎಂದು ಮಗು ಹುಟ್ಟಿದಂದಿನಿಂದ ಹೆದರಿಸುತ್ತ ಬಂದು, ಜೂನ್ ತಿಂಗಳಲ್ಲಿ ಅದೇ ಶಾಲೆಗೆ ನಗುತ್ತ ಹೋಗೆಂದರೆ ಅದು ಹೇಗೆ ಹೋದೀತು?

ಆದರೆ ಮರಳಿನ ಮೇಲೆ ತಿದ್ದಿದ್ದರ ಬಗ್ಗೆ ತಾವು ಬರೆದದ್ದು ಅಮೂಲ್ಯವಾದದ್ದು. ಮಗುವಿನ ಮಣಿಕಟ್ಟಿನ ಎಂಟು ಎಲುಬುಗಳು ಹುಟ್ಟುವಾಗ ಇನ್ನೂ ಮೆದುವಾಗಿದ್ದು, ಒಂದೊಂದಾಗಿ ಗಟ್ಟಿಯಾಗುತ್ತ ಎಂಟೂ ರೂಪುಗೊಳ್ಳುವಷ್ಟರಲ್ಲಿ ಹತ್ತು ಹನ್ನೆರಡು ವರ್ಷ ಹಿಡಿಯುತ್ತದೆ. ಬೆರಳುಗಳ ಹತೋಟಿಗೂ ಒಂದು ಕ್ರಮವಿದೆ. ಸಾಮಾನ್ಯವಾಗಿ ಮೂರರ ಮಗು ನೋಡಿಕೊಂಡು ದುಂಡು ಬರೆಯಬಲ್ಲದು, ನಾಲ್ಕರ ಹೊತ್ತಿಗೆ ಕೂಡುವ ಚಿಹ್ನೆ, ಆಮೇಲೆ ಚೌಕ. ತ್ರಿಕೋನ ಕೈಗೆ ಹತ್ತುವುದು ಐದರ ಸುಮಾರಿಗೆ. ಏಕೆಂದರೆ ಓರೆಗೆರೆಯೇ ಅದರ ಕೈಗೆ ಅತಿ ಕಷ್ಟದ್ದು. ಈಗ ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರವನ್ನು ಕಣ್ಣಮುಂದೆ ತಂದುಕೊಳ್ಳಿ: ಎರಡು ಓರೆಗೆರೆಗಳು ತುದಿಯಲ್ಲಿ ಕೂಡಬೇಕು, ನಡುವೆ ಒಂದು ಅಡ್ಡಗೆರೆ ಬರಬೇಕು, ಎಲ್ಲವೂ ಗೆರೆಗಳ ಒಳಗೇ ನಿಲ್ಲಬೇಕು. ನಾಲ್ಕು ತುಂಬಿ ಎರಡು ತಿಂಗಳಾದ ಕೈಗೆ ಮೊದಲ ಪಾಠವಾಗಿ ಕೊಟ್ಟಿರುವುದು ಇದನ್ನು! ಮಗು ಅಳುವುದು ಸೋಮಾರಿತನದಿಂದಲ್ಲ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದದ್ದು, ಒಂದನೇ ತರಗತಿಯವರಿಗೂ ಅ, ಆ, ಇ, ಈ ಎಂದು ವರ್ಣಮಾಲೆಯ ಅನುಕ್ರಮದಲ್ಲಿ ಹೋಗದೆ ರ, ಗ, ಸ, ದ, ಅ ಎಂದು ಆರಂಭಿಸುತ್ತದೆ. ದುಂಡಾದ, ಸರಳವಾದ ಅಕ್ಷರಗಳು ಮೊದಲು. ಅವುಗಳಿಂದಲೇ ಅರ, ದರ, ಸರ, ಅಗಸ ಎಂದು ಪದಗಳೂ ಹುಟ್ಟುತ್ತವೆ. ಆರು ವರ್ಷದವರಿಗೇ ಇಷ್ಟು ವಿಚಾರ ಮಾಡಿ ದಾರಿ ಹಾಕಿರುವಾಗ ನಾಲ್ಕು ವರ್ಷದವನಿಗೆ ಪುಟಗಟ್ಟಲೆ ಬರೆಸುವುದಕ್ಕೆ ನಮಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ನಿಯಮಗಳೂ ತಮ್ಮ ಪರವಾಗಿವೆ. 2018ರಲ್ಲಿಯೇ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯವು ಒಂದು ಮತ್ತು ಎರಡನೇ ತರಗತಿಗಳಿಗೆ ಹೋಂವರ್ಕ್ ಕೊಡಬಾರದೆಂದು ಸೂಚಿಸಿದೆ. ಒಂದನೇ ತರಗತಿಗೇ ಬೇಡವಾದದ್ದು ಎಲ್‌ಕೆಜಿಗೆ ಹೇಗೆ ಬೇಕಾಗುತ್ತದೆ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಎಣಿಸಿ ಆಟದ ಮೂಲಕ ಕಲಿಕೆ ಎಂದಿದೆ. ಇಷ್ಟಾದರೂ ಶಾಲೆಗಳು ಬರೆಸುವುದಕ್ಕೆ ಪೋಷಕರಾದ ನಮ್ಮ ಪಾಲೂ ಇದೆ: ತುಂಬಿದ ಪುಸ್ತಕ ಕಂಡರೆ ಶುಲ್ಕ ಸಾರ್ಥಕವಾಯಿತೆನ್ನುತ್ತೇವೆ, ಮಣ್ಣಾದ ಅಂಗಿ ಕಂಡರೆ ದೂರು ಕೊಡುತ್ತೇವೆ. ಆರರಿಂದ ಹದಿನಾಲ್ಕು ವರ್ಷದವರಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಇದೆ. ಅದಕ್ಕಿಂತ ಚಿಕ್ಕವರ ಪಾಠದ ಹೊರೆಯನ್ನು ಕೇಳಬೇಕಾದವರು ಮುಖ್ಯವಾಗಿ ಮನೆಯವರೇ.

ಅವಸರಕ್ಕೆ ಕಾರಣವೂ ಇಲ್ಲ. ರಾಜ್ಯ ಸರ್ಕಾರದ 2022ರ ಆದೇಶದ ಪ್ರಕಾರ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. 2025-26ರಲ್ಲಿ ಒಂದು ಸಲ ಇದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಏಪ್ರಿಲ್‌ನಲ್ಲಿ ಹುಟ್ಟಿದ ತಮ್ಮ ಮೊಮ್ಮಗನಿಗೆ ಸಡಿಲಿಕೆಯ ಅಗತ್ಯವೇ ಬೀಳುವುದಿಲ್ಲ. ಎಲ್‌ಕೆಜಿ, ಯುಕೆಜಿ ಎರಡನ್ನೂ ಮುಗಿಸುವ ಹೊತ್ತಿಗೆ ಅವನಿಗೆ ಸರಿಯಾಗಿ ಆರು ತುಂಬಿರುತ್ತದೆ, ಅಂದರೆ ತಾವು ಶಾಲೆಗೆ ಹೋದ ವಯಸ್ಸೇ.

ಇನ್ನು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಶುರುವಾದಾಗ ನಮ್ಮ ತಿ. ನರಸೀಪುರ ಆಯ್ದ 33 ಕಡೆಗಳಲ್ಲಿ ಒಂದಾಗಿತ್ತು. ಹತ್ತಿರದಲ್ಲಿದೆ, ಮನೆಯ ಮಾತಿನಲ್ಲೇ ನಡೆಯುತ್ತದೆ, ಪುಸ್ತಕದ ಹೊರೆಯಿಲ್ಲ, ಅಕ್ಕಪಕ್ಕದ ಮನೆಯ ಮಕ್ಕಳೇ ಜೊತೆಗಿರುತ್ತಾರೆ. ಒಳ್ಳೆಯ ಕಾರ್ಯಕರ್ತೆಯಿರುವ ಅಂಗನವಾಡಿಯನ್ನು ನಾವು ಅನೇಕ ಎಲ್‌ಕೆಜಿಗಳಿಗಿಂತ ಮೇಲೆಂದೇ ಎಣಿಸುತ್ತೇವೆ. ಆದರೂ ಈಗಲೇ ಬಿಡಿಸಬೇಡಿ ಎಂಬುದು ನಮ್ಮ ಸಲಹೆ. ಸೇರಿಸಿ ಒಂದು ತಿಂಗಳೊಳಗೆ ಸ್ಥಳ ಬದಲಾಯಿಸಿದರೆ ಗೇಟಿನ ಕಥೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮೇಲಾಗಿ ನಿರ್ಧಾರ ತಂದೆತಾಯಿಯರದ್ದು, ಅಜ್ಜ ಗೆದ್ದರು ಅಪ್ಪ ಸೋತರು ಎಂಬಂತೆ ಅದು ಆಗಬಾರದು.

ಆದ್ದರಿಂದ ಶಾಲೆಗೆ ಮಗ ಮತ್ತು ಸೊಸೆಯೇ ಒಂದು ದಿನ ಅರ್ಧ ರಜೆ ಹಾಕಿ ಹೋಗಲಿ. ದೂರಿನ ದನಿಯಲ್ಲಿ ಬೇಡ. ನಲವತ್ತು ಮಕ್ಕಳ ಕೋಣೆಯಲ್ಲಿ ನಿಂತ ಆ ಶಿಕ್ಷಕಿಗೂ ಆಡಳಿತ ಮಂಡಳಿಯ ಒತ್ತಡ ಇರುತ್ತದೆ. ಮನೆಯಲ್ಲಿ ಎರಡು ಪುಟದ ಬದಲು ಒಂದು ಸಾಲು, ಅದೂ ಮಗುವಿಗೆ ಮನಸ್ಸಿದ್ದರೆ. ಮಿಕ್ಕಂತೆ ಮರಳಿನಲ್ಲಿಯೋ ಅಕ್ಕಿ ಹರಡಿದ ತಟ್ಟೆಯಲ್ಲಿಯೋ ಬೆರಳಿನಿಂದ ತಿದ್ದಿಸುತ್ತೇವೆ, ಪುಸ್ತಕ ಖಾಲಿಯಿದ್ದರೆ ಮಗುವನ್ನು ಗದರಬೇಡಿ, ಎಂದು ಕೇಳಿಕೊಳ್ಳಲಿ. ಒಪ್ಪಿದರೆ ಸರಿ. ಒಪ್ಪದಿದ್ದರೆ ಅದನ್ನೇ ನಾಲ್ಕು ಸಾಲಿನಲ್ಲಿ ಬರೆದು ಮುಖ್ಯೋಪಾಧ್ಯಾಯರಿಗೆ ಕೊಟ್ಟು, ಸಹಿ ಪಡೆದ ಪ್ರತಿಯೊಂದನ್ನು ಮನೆಯಲ್ಲಿಟ್ಟುಕೊಳ್ಳಲಿ. ದಸರೆಯವರೆಗೂ ಏನೂ ಬದಲಾಗದಿದ್ದರೆ ಆಗ ಅಂಗನವಾಡಿಯ ಮಾತನ್ನು ಮನೆಯಲ್ಲಿ ಮತ್ತೆ ಎತ್ತಲು ತಮಗೆ ಸಕಾರಣವಿರುತ್ತದೆ.

— ಸಂಪಾದಕ