ಉ: ಅಮ್ಮನಿಗೆ ಹೋಂ ನರ್ಸೋ, ವೃದ್ಧಾಶ್ರಮವೋ? (ದಾವಣಗೆರೆ)

ಸೊಂಟದ ಆಪರೇಷನ್ ಆಗಿ ವಿದ್ಯಾನಗರದ ಮನೆಯಲ್ಲಿ ಒಬ್ಬರೇ ಇರುವ ಅಮ್ಮನಿಗೆ ನರ್ಸ್ ಇಡೋದಾ, ವೃದ್ಧಾಶ್ರಮಕ್ಕೆ ಸೇರಿಸೋದಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಸದ್ಯಕ್ಕೆ ಎರಡೂ ಬೇಡ.

ಇಂಜೆಕ್ಷನ್, ಗಾಯದ ಡ್ರೆಸ್ಸಿಂಗ್, ಮೂತ್ರದ ಪೈಪು ಇದ್ದರೆ ಮಾತ್ರ ನರ್ಸ್ ಬೇಕು. ಸ್ನಾನ, ಊಟ, ಕೈಹಿಡಿದು ನಡೆಸೋದಕ್ಕೆ ಆರೈಕೆಯವರು ಸಾಕು, ಖರ್ಚೂ ಕಡಿಮೆ. ನಮ್ಮಪ್ಪನಿಗೆ ಲಕ್ವ ಹೊಡೆದಾಗ ನಾವು ಸುಮ್ನೆ ನರ್ಸ್ ಇಟ್ಟೆವು. ಬಿಪಿ ನೋಡಿ, ಮಾತ್ರೆ ಕೊಟ್ಟು ಕೂರುತ್ತಿದ್ದರು. ಆಮೇಲೆ ಬಂದ ಆರೈಕೆಯ ಅಕ್ಕ ಮೊದಲ ದಿನವೇ ಬಚ್ಚಲ ಬಾಗಿಲಿನ ಕಾಲೊರಸು ತೆಗೆದಿಟ್ಟರು, ಜಾರುತ್ತೆ ಅಂತ. ನಮಗ್ಯಾರಿಗೂ ಹೊಳೆದಿರಲಿಲ್ಲ! ಜೊತೆಗೆ ಫಿಸಿಯೋಥೆರಪಿಯವರನ್ನು ಮನೆಗೇ ಕರೆಸಿ. ಸೊಂಟಕ್ಕೆ ಅದೇ ಮುಖ್ಯ.

ವೃದ್ಧಾಶ್ರಮಗಳಲ್ಲಿ ಹಲವು ಕಡೆ ತಾವೇ ಎದ್ದು ಓಡಾಡುವವರನ್ನಷ್ಟೇ ಸೇರಿಸಿಕೊಳ್ಳುತ್ತಾರೆ. ಹಾಸಿಗೆ ಹಿಡಿದರೆ ಏನು ಮಾಡ್ತೀರಿ, ರಾತ್ರಿ ಯಾರಿರ್ತಾರೆ ಅಂತ ಮೊದಲೇ ಕೇಳಿ. ಸಂಜೆ ಊಟದ ಹೊತ್ತಿಗೆ ಹೇಳದೆ ಹೋಗಿ ನೋಡಿ. ಹಗಲಷ್ಟೇ ಬಿಟ್ಟು ಬರುವ ಡೇ ಕೇರ್ ಅಮ್ಮ ಚೆನ್ನಾಗಿ ನಡೆಯುವಂತಾದ ಮೇಲಿನ ಮಾತು.

ಹಿರಿಯರ ಸಹಾಯವಾಣಿ 14567, ಉಚಿತ. ಹತ್ತಿರದ ಆಶ್ರಮ, ಆರೈಕೆ ಕೇಂದ್ರಗಳ ಮಾಹಿತಿ ಅಲ್ಲಿ ಕೇಳಬಹುದು. ಅಂದಹಾಗೆ, ಅಮ್ಮನನ್ನೂ ಒಂದು ಮಾತು ಕೇಳಿದ್ರಾ?