ಪ್ರತಿ ಇಸಿಯು (ಗಾಡಿಯೊಳಗಿನ ಕಂಟ್ರೋಲ್ ಕಂಪ್ಯೂಟರ್) ಪ್ರಾಜೆಕ್ಟಿಗೂ ಒಂದು ಮಾಸ್ಟರ್ ಬಿಲ್ಡ್ ಟೆಂಪ್ಲೇಟ್ ಮಾಡೋದು ಹೇಗೆ? ಕಾಪಿ ಮಾಡೋ ಟೆಂಪ್ಲೇಟೇ ಬೇಡ ಅಂತೀನಿ

ದಾವಣಗೆರೆಯಲ್ಲಿ ನಾಲ್ಕು ಜನರ ಟೀಮು, ಇ-ಆಟೋಗಳಿಗೆ ಬ್ಯಾಟರಿ ಕಂಟ್ರೋಲರ್ ಮತ್ತು ಮೀಟರ್ ಕ್ಲಸ್ಟರಿನ ಸಾಫ್ಟ್‌ವೇರ್. ಹೊಸ ಆರ್ಡರ್ ಬಂದಾಗೆಲ್ಲ ಹಳೇ ಫೋಲ್ಡರ್ ಕಾಪಿ ಮಾಡಿ ಹೆಸರು ಬದಲಿಸ್ತೀರಿ. ಈಗ ಬಿಲ್ಡಿಗೆ (ಸೋರ್ಸ್ ಕೋಡನ್ನ ಚಿಪ್ಪಿಗೆ ಹಾಕೋ ಬೈನರಿಯಾಗಿ ಮಾಡೋದಕ್ಕೆ) ಒಂದು ಮಾಸ್ಟರ್ ಟೆಂಪ್ಲೇಟ್ ಮಾಡಬೇಕು, ಅದು ಬಿಲ್ಡ್ ಟೂಲುಗಳಾದ ಮೇಕ್‌ನಲ್ಲಿರಲೋ ಸಿಮೇಕ್‌ನಲ್ಲಿರಲೋ ಅಂತ ಕೇಳಿದ್ದೀರಿ. ಪಿ.ಬಿ. ರಸ್ತೆಯ ಪಕ್ಕದಲ್ಲೇ ಕೂತು ಇದೇ ಪದ್ಧತಿಯಲ್ಲಿ ದುಡಿದವನು ನಾನು. ನೇರ ಹೇಳ್ತೀನಿ: ಮೇಕೋ ಸಿಮೇಕೋ ಅನ್ನೋದು ನಿಮ್ಮ ತೊಂದರೆಯೇ ಅಲ್ಲ. ಕಾಪಿ ಮಾಡೋ ಟೆಂಪ್ಲೇಟ್ ಎಷ್ಟು ನೀಟಾಗಿದ್ದರೂ ಆರು ತಿಂಗಳಲ್ಲಿ ನಾಲ್ಕು ಪ್ರಾಜೆಕ್ಟಿನಲ್ಲಿ ನಾಲ್ಕು ಥರ ಆಗಿರುತ್ತೆ. ಒಂದರಲ್ಲಿ ಸರಿಮಾಡಿದ್ದು ಇನ್ನೊಂದಕ್ಕೆ ಹೋಗೋದಿಲ್ಲ.

ಅದಕ್ಕಿಂತ ಕೆಟ್ಟದ್ದು ಒಂದಿದೆ. ಯಾರೋ ಯಾವತ್ತೋ ಬಾಯಿ ಮುಚ್ಚಿಸಿಟ್ಟ ವಾರ್ನಿಂಗುಗಳೂ ಕಾಪಿಯ ಜೊತೆ ಬರ್ತವೆ. ನಮಗೆ ದಂಡ ಬಿದ್ದಿದ್ದು ಇಂಥ ಒಂದೇ ಒಂದು ಫ್ಲ್ಯಾಗಿನಿಂದ, ಅಂದ್ರೆ ಬಿಲ್ಡ್ ಟೂಲುಗಳಿಗೆ ಕೊಡೋ ಒಂದು ಆಪ್ಷನ್ನಿನಿಂದ. ಅದನ್ನ ಪೂರ್ತಿ ಬಿಡಿಸಿ ಹೇಳ್ತೀನಿ, ನಿಮ್ಮ ಫೋಲ್ಡರಿನಲ್ಲೂ ಅದು ಕೂತಿರಬಹುದು.

ಆರ್ಮ್ ಚಿಪ್ಪಿಗೆ, ಆಪರೇಟಿಂಗ್ ಸಿಸ್ಟಮ್ ಇಲ್ಲದ ಕೆಲಸಕ್ಕೆ ಬಳಸೋ ಜಿಸಿಸಿ ಕಂಪೈಲರಿನಲ್ಲಿ, ಹೆಸರಿಟ್ಟ ಸ್ಥಿತಿಗಳ ಪಟ್ಟಿಯಾದ ಈನಮ್‌ನ ಗಾತ್ರ ಅದರೊಳಗಿನ ಬೆಲೆಗಳ ಮೇಲೆ ನಿಂತಿರುತ್ತೆ. ಸೊನ್ನೆಯಿಂದ ಐದರವರೆಗಿನ ಸ್ಥಿತಿಗಳಿದ್ದರೆ ಒಂದೇ ಬೈಟ್ ಸಾಕು ಅಂತ ಕಂಪೈಲರ್ ಒಂದೇ ಬೈಟ್ ಕೊಡುತ್ತೆ. ಇದು ಶಾರ್ಟ್-ಈನಮ್ಸ್, ಹೇಳದಿದ್ದರೂ ಇರೋ ಡಿಫಾಲ್ಟ್. ಆದರೆ ಹೊರಗಿನಿಂದ ಬಂದ ರೆಡಿ ಲೈಬ್ರರಿ, ಅಂದ್ರೆ ಸೋರ್ಸ್ ಇಲ್ಲದೆ ಬರೀ ಆರ್ಕೈವ್ ಫೈಲಾಗಿ ಬಂದದ್ದು, ನೋ-ಶಾರ್ಟ್-ಈನಮ್ಸ್ ಫ್ಲ್ಯಾಗಿನಲ್ಲಿ ಕಂಪೈಲ್ ಆಗಿದ್ದರೆ ಅದರೊಳಗೆ ಪ್ರತಿ ಈನಮ್ಮೂ ನಾಲ್ಕು ಬೈಟ್. ಈಗ ಎರಡೂ ಕಡೆ ಬಳಸೋ ಒಂದು ಸ್ಟ್ರಕ್ಚರ್ (ಹಲವು ಬೆಲೆಗಳನ್ನ ಒಟ್ಟಿಗೆ ಇಡೋ ಕಟ್ಟು) ತಗೊಳ್ಳಿ: ಮೊದಲು ಬ್ಯಾಟರಿ ಸ್ಥಿತಿಯ ಈನಮ್, ಆಮೇಲೆ ತಾಪಮಾನಕ್ಕೆ ಒಂದು ಬೈಟ್, ಕೊನೆಗೆ ವೋಲ್ಟೇಜಿಗೆ ಎರಡು ಬೈಟ್. ನಿಮ್ಮ ಕೋಡಿನ ಲೆಕ್ಕದಲ್ಲಿ ಇದು 4 ಬೈಟ್: ಸ್ಥಿತಿ 0ರಲ್ಲಿ, ತಾಪಮಾನ 1ರಲ್ಲಿ, ವೋಲ್ಟೇಜ್ 2ರಲ್ಲಿ. ಲೈಬ್ರರಿಯ ಲೆಕ್ಕದಲ್ಲಿ ಇದೇ 8 ಬೈಟ್: ಸ್ಥಿತಿ 0ಯಿಂದ 3, ತಾಪಮಾನ 4ರಲ್ಲಿ, 5 ಖಾಲಿ, ವೋಲ್ಟೇಜ್ 6ರಲ್ಲಿ.

ನೀವು 4 ಬೈಟ್ ಜಾಗ ಕೊಟ್ಟು ಅದರ ವಿಳಾಸ ಲೈಬ್ರರಿಗೆ ಕಳಿಸ್ತೀರಿ. ಅದು 8 ಬೈಟ್ ಬರೆಯುತ್ತೆ. ಚಿಪ್ ಲಿಟಲ್ ಎಂಡಿಯನ್ (ಸಂಖ್ಯೆಯ ಕೆಳಗಿನ ಬೈಟನ್ನ ಮೊದಲು ಇಡುವಂಥದ್ದು) ಆದ್ದರಿಂದ ಸ್ಥಿತಿಯ ಮೊದಲ ಬೈಟ್ ಸರಿಯಾಗೇ ಓದಿಕೊಳ್ಳುತ್ತೆ, ಚಾರ್ಜಿಂಗ್ ಅಂದ್ರೆ ಚಾರ್ಜಿಂಗೇ ತೋರಿಸುತ್ತೆ. ಎಲ್ಲರಿಗೂ ಮೋಸ ಆಗೋದು ಇಲ್ಲೇ. ತಾಪಮಾನ, ವೋಲ್ಟೇಜ್ ಎರಡೂ ಸದಾ ಸೊನ್ನೆ, ಯಾಕಂದ್ರೆ ಆ ಜಾಗದಲ್ಲಿ ಈನಮ್ಮಿನ ಮೇಲಿನ ಮೂರು ಖಾಲಿ ಬೈಟುಗಳು ಕೂತಿವೆ. ಗಾಡಿಯ ಕಂಟ್ರೋಲರುಗಳು ಮಾತಾಡೋ ಕ್ಯಾನ್ ಜಾಲದ ಸಂದೇಶದಲ್ಲಿ ತಾಪಮಾನಕ್ಕೆ ಮೈನಸ್ 40 ಆಫ್‌ಸೆಟ್ ಇಡೋದು ವಾಡಿಕೆ, ಹಾಗಾಗಿ ಕಚ್ಚಾ ಸೊನ್ನೆ ಕ್ಲಸ್ಟರಿನಲ್ಲಿ ಮೈನಸ್ 40 ಡಿಗ್ರಿಯಾಗಿ ಕಾಣುತ್ತೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ! ಆಗ ಎಲ್ಲರೂ ಸೆನ್ಸರ್ ವೈರು ಬಿಚ್ಚಿ ನೋಡ್ತಾರೆ, ಬಿಲ್ಡ್ ಫೈಲ್ ಯಾರೂ ತೆಗೆಯೋದಿಲ್ಲ. ಇನ್ನೊಂದು ಕಡೆ, ಉಳಿದ ನಾಲ್ಕು ಬೈಟುಗಳು ಪಕ್ಕದ ವೇರಿಯಬಲ್ಲಿನ ಮೇಲೆ ಬಿದ್ದಿರ್ತವೆ. ಪಕ್ಕದಲ್ಲಿ ಏನಿದೆ ಅನ್ನೋದು ಲಿಂಕರ್ (ಕಂಪೈಲ್ ಆದ ತುಂಡುಗಳನ್ನ ಒಂದು ಬೈನರಿ ಮಾಡೋ ಟೂಲ್) ಜೋಡಿಸಿದ ಹಾಗೆ, ಒಂದು ಫೈಲ್ ಸೇರಿಸಿದರೆ ರೋಗದ ಲಕ್ಷಣವೇ ಬದಲಾಗುತ್ತೆ.

ಲಿಂಕರ್ ಇದನ್ನ ಹೇಳೋದಿಲ್ಲವಾ? ಹೇಳುತ್ತೆ. ಈ ಆಬ್ಜೆಕ್ಟಿನ ಈನಮ್ ಗಾತ್ರ ಬೇರೆ, ಔಟ್‌ಪುಟ್ಟಿನದು ಬೇರೆ ಅಂತ ಸ್ಪಷ್ಟವಾಗಿ ವಾರ್ನಿಂಗ್ ಕೊಡುತ್ತೆ. ಆದರೆ ಅದನ್ನ ಮುಚ್ಚಿಸೋಕೆ ನೋ-ಈನಮ್-ಸೈಜ್-ವಾರ್ನಿಂಗ್ ಅನ್ನೋ ಆಪ್ಷನ್ನೂ ಲಿಂಕರಿಗಿದೆ. ಹಳೇ ಪ್ರಾಜೆಕ್ಟಿನಲ್ಲಿ ಎರಡು ಕಡೆ ಹಂಚಿಕೊಂಡ ಸ್ಟ್ರಕ್ಚರ್ ಇರಲಿಲ್ಲ, ಆ ವಾರ್ನಿಂಗ್ ನಿಜಕ್ಕೂ ನಿರುಪದ್ರವಿ, ಮುಚ್ಚಿದ್ದೂ ಸರಿಯೇ. ಆ ಸಾಲು ಹೊಸ ಪ್ರಾಜೆಕ್ಟಿಗೆ ಕಾಪಿಯಾಗಿ ಬಂತು, ಅದು ಅಲ್ಲಿ ಯಾಕಿತ್ತು ಅನ್ನೋದು ಬರಲಿಲ್ಲ. ಫ್ಲೋಟ್ ಎಬಿಐ (ದಶಮಾಂಶ ಸಂಖ್ಯೆಗಳನ್ನ ಫಂಕ್ಷನ್ನುಗಳ ನಡುವೆ ದಾಟಿಸೋ ರೀತಿ) ಹೊಂದದಿದ್ದರೆ, ಹಾರ್ಡ್ ಒಂದು ಕಡೆ ಸಾಫ್ಟ್ ಒಂದು ಕಡೆ, ಲಿಂಕರ್ ಎರರ್ ಕೊಟ್ಟು ನಿಂತೇ ಬಿಡುತ್ತೆ. ಈನಮ್ಮಿಗೆ ಬರೀ ವಾರ್ನಿಂಗ್, ಅಷ್ಟೇ ವ್ಯತ್ಯಾಸ.

ಮದ್ದು ಇಷ್ಟು. ಮೊದಲು ಆ ಬಾಯಿಮುಚ್ಚೋ ಆಪ್ಷನ್ ಹುಡುಕಿ ಕಿತ್ತುಹಾಕಿ. ಎರಡನೇದು, ಹೊರಗಿನಿಂದ ಬಂದ ಪ್ರತಿ ಆರ್ಕೈವಿನ ಮೇಲೆ, ಫೈಲಿನ ಒಳವಿವರ ತೋರಿಸೋ ರೀಡ್‌ಎಲ್ಫ್ ಅನ್ನು ದೊಡ್ಡಕ್ಷರದ ಎ ಆಪ್ಷನ್ನಿನಲ್ಲಿ ಓಡಿಸಿ, ಟ್ಯಾಗ್-ಎಬಿಐ-ಈನಮ್-ಸೈಜ್ ಅನ್ನೋ ಸಾಲಿನಲ್ಲಿ ಸ್ಮಾಲ್ ಇದೆಯೋ ಇಂಟ್ ಇದೆಯೋ ನೋಡಿ. ಬಿಲ್ಡ್ ಮುಗಿದ ಮೇಲೆ ಇದನ್ನೇ ಸ್ಕ್ರಿಪ್ಟ್ ನೋಡಿ, ಬೇರೆ ಬಂದರೆ ಬಿಲ್ಡ್ ಕೆಡವಬೇಕು. ಮೂರನೇದು, ಹಂಚಿಕೊಳ್ಳೋ ಪ್ರತಿ ಸ್ಟ್ರಕ್ಚರಿನ ಕೆಳಗೆ, ಹೆಡರಿನಲ್ಲೇ, ಅದರ ಗಾತ್ರಕ್ಕೆ ಒಂದು ಸ್ಟ್ಯಾಟಿಕ್ ಅಸರ್ಟ್, ಅಂದ್ರೆ ಕಂಪೈಲ್ ಹೊತ್ತಿಗೇ ಆಗೋ ತಪಾಸಣೆ. ಗಾತ್ರ ಲೈಬ್ರರಿ ಕಂಪೈಲ್ ಆದಾಗಿನದ್ದೇ ಇರಬೇಕು. ಆಗ ನಿಮ್ಮ ಕಡೆ 4 ಬಂದ ತಕ್ಷಣ ಕಂಪೈಲರೇ ನಿಲ್ಲುತ್ತೆ, ಗಾಡಿವರೆಗೆ ಹೋಗೋದಿಲ್ಲ.

ಸರಿ, ಟೆಂಪ್ಲೇಟಿನ ಬದಲು ಏನು? ಬಿಲ್ಡ್ ಅನ್ನೇ ಒಂದು ಪ್ರತ್ಯೇಕ ಗಿಟ್ ರೆಪೊಸಿಟರಿ (ಬದಲಾವಣೆಗಳ ಇತಿಹಾಸ ಇಡೋ ಕೋಡ್ ಭಂಡಾರ) ಮಾಡಿ, ಅದಕ್ಕೆ ಟ್ಯಾಗ್ ಹಾಕಿ, ಪ್ರತಿ ಪ್ರಾಜೆಕ್ಟೂ ಅದನ್ನ ಗಿಟ್ ಸಬ್‌ಮಾಡ್ಯೂಲ್ ಆಗಿ ಒಂದು ನಿರ್ದಿಷ್ಟ ಕಮಿಟ್ಟಿಗೆ (ದಾಖಲಾದ ಬದಲಾವಣೆಗೆ) ಕಟ್ಟಿಕೊಳ್ಳಲಿ. ಅದರೊಳಗೆ ಎರಡು ಭಾಗ. ಒಂದು ಕಂಪೈಲರಿನದು: ಫ್ಲ್ಯಾಗುಗಳು, ಆವೃತ್ತಿಯ ತಪಾಸಣೆ. ಇನ್ನೊಂದು ಚಿಪ್ಪಿನದು: ಸ್ಟಾರ್ಟಪ್ ಕೋಡ್, ಲಿಂಕರ್ ಸ್ಕ್ರಿಪ್ಟ್ (ಯಾವುದು ಯಾವ ವಿಳಾಸದಲ್ಲಿ ಅಂತ ಹೇಳೋ ಫೈಲ್), ಮೆಮೊರಿ ಗಾತ್ರ. ಪ್ರಾಜೆಕ್ಟಿನ ಕೈಯಲ್ಲಿ ಉಳಿಯೋದು ಹೆಸರು, ಚಿಪ್, ಸೋರ್ಸ್ ಫೈಲುಗಳ ಪಟ್ಟಿ, ಬೂಟ್‌ಲೋಡರ್ ಬಿಟ್ಟು ಆ್ಯಪ್ ಶುರುವಾಗೋ ವಿಳಾಸ. ಮೂವತ್ತು ಸಾಲು ದಾಟಿದರೆ ಯಾವುದೋ ಫ್ಲ್ಯಾಗ್ ಅಲ್ಲಿಗೆ ಸೋರಿದೆ ಅಂತ ಅರ್ಥ. ಪ್ರಾಜೆಕ್ಟ್ ಫೈಲಿನಲ್ಲಿ ಕಂಪೈಲರ್ ಫ್ಲ್ಯಾಗ್ ಬರೆಯೋಕೆ ಬಿಡಲೇಬೇಡಿ. ನಿಜಕ್ಕೂ ಬೇಕಾದರೆ ಬಿಲ್ಡ್ ರೆಪೊಸಿಟರಿಗೆ ಬದಲಾವಣೆ ಕಳಿಸಲಿ, ಯಾಕೆ ಅಂತ ಕಮಿಟ್ಟಿನಲ್ಲಿ ಬರೆಯಲಿ.

ಫೋಲ್ಡರ್ ರಚನೆಗೆ ಮಾತ್ರ ಟೆಂಪ್ಲೇಟ್ ಬೇಕು ಅಂದ್ರೆ ಕಾಪಿಯರ್ ಅನ್ನೋ ಟೂಲ್ ಬಳಸಿ. ಕೊಟ್ಟ ಉತ್ತರಗಳನ್ನ ಅದು ಪ್ರಾಜೆಕ್ಟಿನಲ್ಲೇ ಬರೆದಿಟ್ಟುಕೊಂಡು, ಟೆಂಪ್ಲೇಟ್ ಬದಲಾದಾಗ ಹಳೇ ಪ್ರಾಜೆಕ್ಟನ್ನೂ ಅಪ್‌ಡೇಟ್ ಮಾಡುತ್ತೆ. ಅಂಥದ್ದೇ ಇನ್ನೊಂದು ಟೂಲ್ ಕುಕೀಕಟರ್ ತಾನಾಗಿ ಅದನ್ನ ಮಾಡೋದಿಲ್ಲ.

ನಾನು ಸಿಮೇಕ್ ಜೊತೆ ನಿಂಜಾ ಅನ್ನೋ ಬಿಲ್ಡ್ ಟೂಲ್ ಬಳಸ್ತೀನಿ, ಆದರೆ ಸಿಮೇಕಿನಲ್ಲಿ ಎಡವಿ ಬೀಳೋ ಮೂರು ಗುಂಡಿಗಳಿವೆ. ಮೊದಲನೇದು, ಯಾವ ಕಂಪೈಲರ್ ಅಂತ ಸಿಮೇಕಿಗೆ ಹೇಳೋ ಟೂಲ್‌ಚೈನ್ ಫೈಲಿನಲ್ಲಿ ಸಿಸ್ಟಮ್ ಹೆಸರು ಜೆನೆರಿಕ್ ಅಂತಿರಬೇಕು, ಟ್ರೈ-ಕಂಪೈಲ್ ಟಾರ್ಗೆಟ್ ಟೈಪ್ ಸ್ಟ್ಯಾಟಿಕ್ ಲೈಬ್ರರಿ ಅಂತಿರಬೇಕು. ಈ ಟೈಪ್ ಹೇಳದೆ ಬಿಟ್ಟರೆ ಸಿಮೇಕ್ ಕಂಪೈಲರನ್ನ ಪರೀಕ್ಷಿಸೋಕೆ ಒಂದು ಪೂರ್ತಿ ಪ್ರೋಗ್ರಾಮ್ ಲಿಂಕ್ ಮಾಡೋಕೆ ಹೋಗಿ, ಎಕ್ಸಿಟ್ ಫಂಕ್ಷನ್ ಸಿಗದೆ, ನಿಮ್ಮ ಕಂಪೈಲರೇ ಕೆಟ್ಟಿದೆ ಅನ್ನುತ್ತೆ. ಎರಡನೇ ಗುಂಡಿ ಜಾಸ್ತಿ ಅಪಾಯದ್ದು: ಹೆಸರಿನ ಕೊನೆಯಲ್ಲಿ ಇನಿಟ್ ಅಂತಿರೋ ಫ್ಲ್ಯಾಗ್ ವೇರಿಯಬಲ್ಲುಗಳು ಮೊದಲ ಸಲ ಕಾನ್ಫಿಗರ್ ಮಾಡಿದಾಗ ಮಾತ್ರ ಕ್ಯಾಶಿಗೆ ಹೋಗ್ತವೆ. ಟೂಲ್‌ಚೈನ್ ಫೈಲಿನಲ್ಲಿ ಫ್ಲ್ಯಾಗ್ ತಿದ್ದಿ ಹಳೇ ಬಿಲ್ಡ್ ಫೋಲ್ಡರಿನಲ್ಲೇ ಮತ್ತೆ ಓಡಿಸಿದರೆ ಏನೂ ಬದಲಾಗೋದಿಲ್ಲ, ಆದರೆ ಬದಲಾಗಿದೆ ಅಂತ ನೀವು ನಂಬಿರ್ತೀರಿ. ಫ್ಲ್ಯಾಗ್ ಮುಟ್ಟಿದರೆ ಬಿಲ್ಡ್ ಫೋಲ್ಡರ್ ಅಳಿಸಿ ಶುರು ಮಾಡಿ. ಮೂರನೇದು, ಬಿಲ್ಡ್ ಟೈಪ್ ಹೇಳದಿದ್ದರೆ ಆಪ್ಟಿಮೈಸೇಷನ್ನೇ ಇರೋದಿಲ್ಲ. ಕಾನ್ಫಿಗರ್ ಆಯ್ಕೆಗಳನ್ನ ಬರೆದಿಡೋ ಪ್ರೀಸೆಟ್ ಫೈಲಿನಲ್ಲಿ ಅದನ್ನ ಕಟ್ಟಿಬಿಡಿ, ಇದು ಸಿಮೇಕ್ 3.19ರಿಂದ ಇದೆ.

ಮೇಕೇ ಇರಲಿ ಅಂದ್ರೂ ಸರಿ, ಜಗಳ ಇಲ್ಲ. ಎಂಎಂಡಿ ಮತ್ತು ಎಂಪಿ ಫ್ಲ್ಯಾಗ್ ಹಾಕಿ ಹೆಡರ್ ಅವಲಂಬನೆ ಫೈಲುಗಳನ್ನ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಹೆಡರ್ ತಿದ್ದಿದಾಗ ಅರ್ಧ ಫೈಲುಗಳು ಹಳೇ ಸ್ಟ್ರಕ್ಚರಿನಲ್ಲೇ ಉಳೀತವೆ. ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಇದ್ದರೆ ಮೇಕ್ ತಡವರಿಸುತ್ತೆ. ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳಾದ ಬಿಐಇಟಿ, ಯುಬಿಡಿಟಿ ಕಡೆಯಿಂದ ಇಂಟರ್ನ್‌ಶಿಪ್ಪಿಗೆ ಬರೋ ಹುಡುಗರ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಡೆಸ್ಕ್‌ಟಾಪ್ ಮೇಲೆ ನ್ಯೂ ಫೋಲ್ಡರಿನೊಳಗೇ ಪ್ರಾಜೆಕ್ಟ್ ಇರುತ್ತೆ, ಜೊತೆಗೆ ವಿಂಡೋಸಿನ 260 ಅಕ್ಷರದ ಪಾತ್ ಮಿತಿ. ಡಿ ಡ್ರೈವಿನ ಬುಡದಲ್ಲೇ ನಾಲ್ಕಕ್ಷರದ ಫೋಲ್ಡರ್ ಮಾಡಿಸಿ.

ಲಿಂಕರ್ ಸ್ಕ್ರಿಪ್ಟ್ ವಿಷಯಕ್ಕೆ ಬಂದರೆ, ಬಳಸದ ಫಂಕ್ಷನ್ ಕಿತ್ತುಹಾಕೋಕೆ ಜಿಸಿ-ಸೆಕ್ಷನ್ಸ್ ಎಲ್ಲರೂ ಹಾಕ್ತಾರೆ. ವೆಕ್ಟರ್ ಟೇಬಲ್ಲನ್ನ (ಚಿಪ್ ಶುರುವಾದಾಗ ಎಲ್ಲಿಗೆ ಹೋಗಬೇಕು ಅನ್ನೋ ವಿಳಾಸಗಳ ಪಟ್ಟಿಯನ್ನ) ಕೋಡಿನಿಂದ ಯಾರೂ ಕರೆಯೋದಿಲ್ಲ, ಹಾಗಾಗಿ ಕೀಪ್ ಅಂತ ಬರೆಯದಿದ್ದರೆ ಅದೂ ಕಿತ್ತು ಹೋಗುತ್ತೆ, ಬೋರ್ಡ್ ಏಳೋದೇ ಇಲ್ಲ. ಎನ್‌ಎಕ್ಸ್‌ಪಿಯ ಎಸ್32ಕೆ144 ಥರದ ಚಿಪ್ಪಿನಲ್ಲಿ ಇದಕ್ಕಿಂತ ದುಬಾರಿ ಜಾಗ ಒಂದಿದೆ: ಫ್ಲ್ಯಾಶಿನ ಹೆಕ್ಸ್ 400ನೇ ವಿಳಾಸದಿಂದ 16 ಬೈಟಿನ ಕಾನ್ಫಿಗರೇಷನ್ ಫೀಲ್ಡ್. ಅದರೊಳಗೆ 40ಸಿ ವಿಳಾಸದ ಬೈಟ್ ಎಫ್‌ಇ ಇದ್ದರೆ ಚಿಪ್ ತೆರೆದಿರುತ್ತೆ, ಎಫ್‌ಎಫ್ ಇದ್ದರೆ ಲಾಕ್. ಅಳಿಸಿದ ಫ್ಲ್ಯಾಶ್ ಇರೋದೇ ಎಫ್‌ಎಫ್! ಆ ಸೆಕ್ಷನ್ನಿಗೆ ಕೀಪ್ ಮರೆತು ಫ್ಲ್ಯಾಶ್ ಮಾಡಿ ರಿಸೆಟ್ ಕೊಟ್ಟರೆ ಡಿಬಗರ್ ಒಳಗೆ ಹೋಗೋದಿಲ್ಲ, ಮಾಸ್ ಇರೇಸ್ ಮಾಡಬೇಕು. ಮಾಸ್ ಇರೇಸನ್ನೂ ಬಂದ್ ಮಾಡೋ ಬೆಲೆ ಬರೆದಿದ್ದರೆ ಬೋರ್ಡ್ ಹೋಯ್ತು. ಅದಕ್ಕೇ ಬಿಲ್ಡ್ ಮುಗಿದ ಮೇಲೆ ಹೆಕ್ಸ್ ಫೈಲಿನಲ್ಲಿ ಆ ಒಂದು ಬೈಟನ್ನ ಸ್ಕ್ರಿಪ್ಟ್ ಓದಿ ನೋಡಬೇಕು. ಹತ್ತು ಸಾಲಿನ ಪೈಥಾನ್. ಹಾಗೇ ಪ್ರಿಂಟ್-ಮೆಮೊರಿ-ಯೂಸೇಜ್ ಮತ್ತು ಮ್ಯಾಪ್ ಫೈಲ್ (ಯಾವ ತುಂಡು ಎಲ್ಲಿದೆ, ಎಷ್ಟು ಜಾಗ ಅನ್ನೋ ಪಟ್ಟಿ) ಸದಾ ಆನ್ ಇರಲಿ.

ಕಂಪೈಲರ್ ಆವೃತ್ತಿಯನ್ನ ಡಾಕರ್ ಇಮೇಜಿನಲ್ಲಿ (ಟೂಲುಗಳನ್ನೆಲ್ಲ ಒಟ್ಟಿಗೆ ಇಟ್ಟ ಪ್ಯಾಕೇಜಿನಲ್ಲಿ) ಕಟ್ಟಿ, ಟ್ಯಾಗಿನಿಂದಲ್ಲ, ಒಳಗಿರೋದರಿಂದಲೇ ಲೆಕ್ಕ ಹಾಕಿದ ಗುರುತಾದ ಡೈಜೆಸ್ಟಿನಿಂದ ಕರೆಯಿರಿ. ಟ್ಯಾಗ್ ನಾಳೆ ಬೇರೆ ಇಮೇಜಿಗೆ ತಿರುಗಬಹುದು. ಒಬ್ಬರು ವಿದ್ಯಾನಗರದಲ್ಲಿ, ಇನ್ನೊಬ್ಬರು ಚಿತ್ರದುರ್ಗದ ಮನೆಯಲ್ಲಿ ಕೂತಿದ್ದರೂ ಬೈನರಿ ಒಂದೇ ಬರಬೇಕು. ಐಎಸ್‌ಒ 26262 ಅನ್ನೋ ಗಾಡಿ ಎಲೆಕ್ಟ್ರಾನಿಕ್ಸ್ ಸುರಕ್ಷತಾ ಮಾನದಂಡದ 8ನೇ ಭಾಗ, 11ನೇ ಅಧ್ಯಾಯ ಟೂಲುಗಳ ಮೇಲಿನ ನಂಬಿಕೆಯ ಬಗ್ಗೆಯೇ ಇದೆ. ಯಾವ ಕಂಪೈಲರ್, ಯಾವ ಆವೃತ್ತಿ, ಯಾವ ಫ್ಲ್ಯಾಗ್ ಅಂತ ಗ್ರಾಹಕರು ಇವತ್ತಲ್ಲ ನಾಳೆ ಕೇಳ್ತಾರೆ. ಗಿಟ್ ಡಿಸ್ಕ್ರೈಬ್ ಕೊಡೋ ಆವೃತ್ತಿಯನ್ನ, ಡರ್ಟಿ (ಕಮಿಟ್ ಆಗದ ಬದಲಾವಣೆ ಇದೆ ಅನ್ನೋ) ಗುರುತಿನ ಸಮೇತ, ಫ್ಲ್ಯಾಶಿನ ಒಂದು ಗೊತ್ತಾದ ವಿಳಾಸದಲ್ಲಿ ಇಡಿ. ಎಐಎಸ್-156 ಬ್ಯಾಟರಿ ಸುರಕ್ಷತಾ ಪರೀಕ್ಷೆಗೆ ಹೋದ ಬ್ಯಾಟರಿ ಪ್ಯಾಕಿನಲ್ಲಿ ಯಾವ ಬೈನರಿ ಇತ್ತು ಅಂತ ಕೇಳಿದಾಗ ಡಿಬಗರ್ ಹಾಕಿ ಓದಿ ಹೇಳೋ ಹಾಗಿರಬೇಕು. ಡರ್ಟಿ ಇರೋ ಬೈನರಿ ಆಫೀಸಿನ ಬೆಂಚು ಬಿಟ್ಟು ಹೊರಗೆ ಹೋಗಬಾರದು.

ಕ್ಯಾನ್ ಸಂದೇಶಗಳ ವಿವರ ಇರೋ ಡಿಬಿಸಿ ಫೈಲಿನಿಂದ ಹುಟ್ಟಿಸೋ ಕೋಡನ್ನ ಕಮಿಟ್ ಮಾಡಬೇಕೋ ಬೇಡವೋ ಅನ್ನೋ ವಾದ ಎಲ್ಲ ಟೀಮಿನಲ್ಲೂ ಇದೆ. ಮಾಡಿ ಅಂತೀನಿ. ಜೊತೆಗೆ ಸರ್ವರಿನ ಬಿಲ್ಡ್ ಪ್ರತಿ ಸಲ ಮತ್ತೆ ಹುಟ್ಟಿಸಿ ಹೋಲಿಸಲಿ, ಒಂದಕ್ಷರ ಬೇರೆ ಬಂದರೂ ನಿಲ್ಲಿಸಲಿ. ಕೈಯಿಂದ ತಿದ್ದಿದವರು ಅಲ್ಲೇ ಸಿಕ್ಕಿಬೀಳ್ತಾರೆ.

ಈಗಿರೋ ಪ್ರಾಜೆಕ್ಟನ್ನ ಹೊಸ ಬಿಲ್ಡಿಗೆ ಸಾಗಿಸುವಾಗ ಎರಡರ ಬೈನರಿಯನ್ನೂ ಬೈಟಿಗೆ ಬೈಟ್ ಹೋಲಿಸಿ. ಅದೇ ಕಂಪೈಲರ್, ಅದೇ ಫ್ಲ್ಯಾಗ್, ಅದೇ ಲಿಂಕ್ ಕ್ರಮ ಇಟ್ಟರೆ ಒಂದೇ ಬರಬೇಕು. ಬರದಿದ್ದರೆ ಮೊದಲು, ಕಂಪೈಲ್ ಆದ ದಿನ-ಹೊತ್ತನ್ನ ಬೈನರಿಗೆ ತುಂಬೋ ಡೇಟ್, ಟೈಮ್ ಮ್ಯಾಕ್ರೋ ಹುಡುಕಿ. ಡೇಟ್-ಟೈಮ್ ವಾರ್ನಿಂಗನ್ನ ಎರರ್ ಮಾಡಿದರೆ ಜಿಸಿಸಿಯೇ ತೋರಿಸಿಕೊಡುತ್ತೆ. ಆಮೇಲೆ ಅಸರ್ಟುಗಳೊಳಗೆ ಕೂತಿರೋ ಫೈಲ್ ಪಾತ್. ಅದಕ್ಕೆ ಜಿಸಿಸಿ 8ರಿಂದ ಫೈಲ್-ಪ್ರಿಫಿಕ್ಸ್-ಮ್ಯಾಪ್ ಇದೆ. ಅಷ್ಟಾದ ಮೇಲೂ ವ್ಯತ್ಯಾಸ ಉಳಿದರೆ ಎರಡೂ ಮ್ಯಾಪ್ ಫೈಲುಗಳನ್ನ ಪಕ್ಕ ಪಕ್ಕ ಇಟ್ಟು, ಗಾತ್ರ ಮೊದಲು ಬೇರೆಯಾದ ಆಬ್ಜೆಕ್ಟ್ ಯಾವುದು ನೋಡಿ, ಆ ಒಂದು ಫೈಲಿನ ಕಂಪೈಲ್ ಕಮಾಂಡ್ ಎರಡು ಕಡೆಯಿಂದಲೂ ತೆಗೆದು ಹೋಲಿಸಿ. ಫ್ಲ್ಯಾಗ್ ಬದಲಿಸೋ ಆಸೆ ಇದ್ದರೆ ಎರಡೂ ಬೈನರಿ ಒಂದಾದ ಮೇಲೆ, ಒಂದೊಂದು ಫ್ಲ್ಯಾಗಿಗೆ ಒಂದೊಂದು ಕಮಿಟ್ ಮಾಡಿ ಬದಲಿಸಿ.